ಶೇಖನ ಕಥೆಯ ಉಳಿದರ್ಧ

ಆಗಸ್ಟ್ 4, ಸೋಮವಾರ

ಹನ್ನೆರಡು ದಾಟಿದೆ, ನಿದ್ದೆ ಇಲ್ಲ. ಬರೆಯಲು ಕೈ ಏಳುವುದಿಲ್ಲ, ಅದಕ್ಕೆ ಫೋನಿಗೆ ಹೇಳುತ್ತಿದ್ದೇನೆ. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ಅದು ಏನೇನೋ ಬರೆದುಕೊಳ್ಳುತ್ತದೆ. ಹಾಗಾಗಿ ಪುಸ್ತಕದ ಕನ್ನಡದಲ್ಲಿ ಹೇಳುತ್ತೇನೆ. ಜನ ಆಡಿದ ಮಾತನ್ನು ಮಾತ್ರ ಆಮೇಲೆ ಕೈಯಿಂದ ತಿದ್ದಿದರಾಯಿತು. ಯಾರು ಓದಬೇಕಾಗಿದೆ.

ವಿಜಯಪುರಕ್ಕೆ ಬಂದು, ಅಥಣಿ ರಸ್ತೆಯ ಈ ಕೋಣೆ ಹಿಡಿದು ಏಳು ತಿಂಗಳು. ಅದಕ್ಕೂ ಮೊದಲು ಪುಣೆಯ ಪಾರ್ಸೆಲ್ ಗೋದಾಮಿನಲ್ಲಿ ಎರಡು ವರ್ಷ. ಎಲ್ಲಿ ಹೋದರೂ ಮೂರನೇ ತಿಂಗಳಿಗೆ ಬೇರೆ ಕಡೆ ಹೋಗಬೇಕೆನಿಸುತ್ತದೆ. ಈ ಕೋಣೆಗೆ ಒಂದೇ ಕಿಟಕಿ. ನಾನು ಬಂದಾಗ ಅದರಿಂದ ರಸ್ತೆ ಕಾಣುತ್ತಿತ್ತು. ಈಗ ಪಕ್ಕದ ಪ್ಲಾಟಿನವರು ಗೋಡೆ ಎಬ್ಬಿಸಿದ್ದಾರೆ. ಕೈ ಚಾಚಿದರೆ ಇಟ್ಟಿಗೆ ಸಿಗುತ್ತದೆ.

ಹೋಗಲೂ ಆಗುವುದಿಲ್ಲ. ಎಂಎ ಮುಗಿಸಿದ್ದಕ್ಕೆ ಸಿಕ್ಕ ಕೆಲಸ, ಗಾಳಿಯಿಂದ ಕರೆಂಟು ಮಾಡುವ ಕಂಪನಿಯಲ್ಲಿ. ಅವರಿಗೆ ಬೇಕಾದ ಹೊಲಗಳ ಮಾಲಕರ ಮನೆಗೆ ಹೋಗಿ, ಇಂಗ್ಲಿಷಿನ ಕರಾರುಪತ್ರವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಸೇರುವಾಗ ನನ್ನ ಮೂಲ ಅಂಕಪಟ್ಟಿಗಳನ್ನೆಲ್ಲ ಕಂಪನಿಯವರು ಇಟ್ಟುಕೊಂಡರು. ಎರಡು ವರ್ಷ ಮುಗಿಯದೆ ಕೊಡುವುದಿಲ್ಲವಂತೆ. ಅವರ ಕಪಾಟಿನಲ್ಲಿ ನಾನೇ ಇದ್ದ ಹಾಗೆ.

ಇನ್ನೊಂದು ಕೆಲಸ ನಾನೇ ಕೇಳಿ ತಂದುಕೊಂಡದ್ದು. ಎಂಎಯಲ್ಲಿ ಇತಿಹಾಸ ಕಲಿಸಿದ ಸುಮಂಗಲಾ ಮೇಡಂ, ಮನೆಯಲ್ಲೇ ಕುಳಿತು ಓದುವ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಾಠ ಬರೆಸುತ್ತಿದ್ದಾರೆ. ನನ್ನ ಪಾಲಿಗೆ ಬಂದದ್ದು ಅರಬ್ ನಾಡಿನ ಎಣ್ಣೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನೂ ಅಮೆರಿಕವೂ ಅಲ್ಲಿಯ ಎಣ್ಣೆಗಾಗಿ ಹೇಗೆ ಹಗ್ಗ ಜಗ್ಗಿದವು ಎಂಬುದು. ಇಪ್ಪತ್ತು ಪುಟ. ಅದನ್ನು ಬರೆಯುವಾಗ ಮಾತ್ರ ಈ ಗೋಡೆ ಮರೆಯುತ್ತದೆ.

ಆಗಸ್ಟ್ 9, ಶನಿವಾರ

ಊರಿಗೆ ಹೋಗಿದ್ದೆ. ತಿಕೋಟಾ ದಾಟಿ ಕನಮಡಿ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ನಮ್ಮೂರು, ಊರ ಹಿಂದೆ ಕಲ್ಲಿನ ದಿಬ್ಬ. ದಿಬ್ಬದ ನೆತ್ತಿಯ ನಾಲ್ಕು ಎಕರೆ ಮಾಳವ್ವ ಅತ್ತೆಯದು. ಅಪ್ಪನ ಅಕ್ಕ. ಅಪ್ಪ ಅಂಬಾದಾಸ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳೇ.

ಆ ಕಲ್ಲು ನೆಲದಲ್ಲಿ ಜೋಳ ಮೊಣಕಾಲು ದಾಟುವುದಿಲ್ಲ. ಈಗ ಅದಕ್ಕಾಗಿ ಎರಡು ಕಂಪನಿಗಳು ಬಡಿದಾಡುತ್ತಿವೆ. ಅವುಗಳ ಹೆಸರು ಊರವರ ಬಾಯಿಗೆ ಬರುವುದಿಲ್ಲ. ಒಂದು ಬಿಳಿ ಜೀಪಿನವರು, ಇನ್ನೊಂದು ನೀಲಿ ಜೀಪಿನವರು. ನನ್ನದು ಬಿಳಿ ಜೀಪು. ದಿಬ್ಬದ ಮೇಲೆ ಸಾಲಾಗಿ ಆರು ಗಾಳಿಕಂಬ ನಿಲ್ಲಬೇಕು. ಉಳಿದವರೆಲ್ಲ ಮಾಳವ್ವ ಯಾರಿಗೆ ಕೊಡುತ್ತಾಳೋ ಅವರಿಗೇ ನಾವೂ ಎಂದು ಕುಳಿತಿದ್ದಾರೆ. ನೆತ್ತಿ ಬಿಟ್ಟು ಸಾಲು ಮಾಡಲಿಕ್ಕೆ ಬರುವುದಿಲ್ಲ.

ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

“ಬಂದೇನ್ಲೇ, ಜೀಪಿನ ಸಾಹೇಬಾ?”

“ನಾ ಬಸ್ಸಿಗೆ ಬಂದೀನಿ ಅತ್ತಿ.”

“ಹಂಗಾರ ಊಟಾ ಮಾಡು. ಜೀಪಿನ್ಯಾಗ ಬಂದವರಿಗೆ ಬರೇ ಚಾ ಕೊಡ್ತೀನಿ.”

ಊಟ ಮಾಡುವಾಗ ತನ್ನ ಷರತ್ತು ಹೇಳಿದಳು. ಬಾಡಿಗೆಯ ಮಾತೇ ಎತ್ತಲಿಲ್ಲ.

“ಕಂಬಾ ನಿಲ್ಲಸಾಕ ಅವರು ದೊಡ್ಡ ರಸ್ತೆ ಮಾಡ್ತಾರಂತ. ಊರಿಂದ ಗುರಲಿಂಗಪ್ಪನ ಹೊಲಾ ಹಾದು ದಿಬ್ಬಾ ಏರತೈತಿ. ದಿಬ್ಬದ ಆಕಡೆ ಏನೈತಿ?”

“ನಮ್ಮ ಮಸಣ.”

“ಹಾಂ. ಆ ರಸ್ತೇಲೆ ನಮ್ಮ ಕೇರಿ ಹೆಣಾ ಹೋಗಬೇಕು. ಯಾರನ್ನೂ ಕೇಳಬಾರದು. ಹಂಗಂತ ಕಾಗದದಾಗ ಬರದ ಕೊಡಬೇಕು. ಯಾರ ಬರದ ಕೊಡ್ತಾರ ಅವರಿಗೆ ನನ್ನ ಹೆಬ್ಬಟ್ಟು.”

ನಮಗೆ ಮಸಣಕ್ಕೆ ದಾರಿ ಇಲ್ಲ. ಇರುವುದು ಗುರಲಿಂಗಪ್ಪನವರ ಹೊಲದ ಬದು, ಒಂದು ಕಾಲಿಟ್ಟರೆ ಇನ್ನೊಂದು ಕಾಲಿಗೆ ಜಾಗ ಹುಡುಕಬೇಕು. ಬಿತ್ತಿದ ದಿನಗಳಲ್ಲಿ ಅವರ ಮನೆಯವರು ಬದುವಿನ ತುದಿಗೆ ನಿಂತು, ಬೆಳೆ ತುಳಿದೀರಿ ಎಂದು ಕೂಗುತ್ತಲೇ ಇರುತ್ತಾರೆ. ಅಪ್ಪನನ್ನು ಒಯ್ದದ್ದು ಮಳೆಗಾಲದಲ್ಲಿ. ಕರಿಮಣ್ಣು ಜಾರಿ ಚಟ್ಟ ವಾಲಿತು. ಅಪ್ಪನ ಕೈ ಹೊರಗೆ ಬಂದು ಕೆಸರಿಗೆ ಹತ್ತಿತು. ನನಗೆ ಒಂಬತ್ತು ವರ್ಷ. ಅತ್ತೆ ತನ್ನ ಸೆರಗಿನಿಂದ ಆ ಕೈ ಒರೆಸಿದಳು. ಆ ದಿನದ ಬಗ್ಗೆ ಅವಳು ಮಾತಾಡುವುದಿಲ್ಲ, ಇವತ್ತೂ ಆಡಲಿಲ್ಲ.

ರಾತ್ರಿಯೆಲ್ಲ ಏನು ಬರೆಯುತ್ತೀ ಎಂದು ಕೇಳಿದಳು. ಕುವೈತಿನ ಶೇಖನ ಕಥೆ ಹೇಳಿದೆ. ತೊಂಬತ್ತು ವರ್ಷದ ಹಿಂದೆ ಅದೊಂದು ಮುತ್ತು ಹೆಕ್ಕುವವರ ಬಡ ಊರು. ಮರಳಿನ ಕೆಳಗೆ ಎಣ್ಣೆ ಇರಬಹುದೆಂದು ಎರಡು ಕಂಪನಿಗಳು ಬಂದವು, ಒಂದು ಇಂಗ್ಲಿಷರದು, ಇನ್ನೊಂದು ಅಮೆರಿಕದವರದು. ತಮ್ಮನ್ನು ಕೇಳದೆ ಯಾರಿಗೂ ಎಣ್ಣೆ ಕೊಡಬಾರದೆಂದು ಇಂಗ್ಲಿಷರು ಹಿಂದೆಯೇ ಬರೆಸಿಕೊಂಡಿದ್ದರು. ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ಅಮೆರಿಕ ಸರಕಾರ ಲಂಡನ್ನಿನಲ್ಲಿ ಪಟ್ಟು ಹಿಡಿಯಿತು. ಆಗ ಅಲ್ಲಿದ್ದ ಅಮೆರಿಕದ ರಾಯಭಾರಿ ಆ ಅಮೆರಿಕದ ಎಣ್ಣೆ ಕಂಪನಿಯ ಒಡೆಯರ ಮನೆತನದವನೇ.

“ನಮ್ಮ ಪಂಚಾಯ್ತಿ ಮೆಂಬರನ ತಮ್ಮನೇ ಕಾಂಟ್ರ್ಯಾಕ್ಟರ ಇದ್ದಾಂಗ,” ಅಂದಳು ಅತ್ತೆ.

“ಹಂಗ. ಶೇಖ ಇಬ್ಬರನ್ನೂ ಬರಗೊಟ್ಟ. ಇಬ್ಬರ ಮಾತೂ ಕೇಳಿದ. ಯಾರಿಗೂ ಹೂಂ ಅನ್ನಲಿಲ್ಲ. ಒಬ್ಬಾವ ಒಂದು ಏರಿಸಿದ್ರ ಇನ್ನೊಬ್ಬಾವ ಎರಡ ಏರಿಸ್ತಿದ್ದ.”

ಅತ್ತೆಯ ಕೈ ಶೇಂಗಾದ ಮೇಲೆ ನಿಂತಿತು. “ಶಾಣ್ಯಾ ಅದಾನ. ಮುಂದ?”

ಕೊನೆಯ ಬಸ್ಸಿನ ಹೊತ್ತಾಗಿತ್ತು. ಮುಂದಿನದನ್ನು ಇನ್ನೊಮ್ಮೆ ಹೇಳುತ್ತೇನೆಂದು ಎದ್ದೆ.

ಆಗಸ್ಟ್ 10

ಭಾನುವಾರ. ಕೋಣೆಯಲ್ಲೇ. ಕಿಟಕಿಯಾಚೆಯ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದಾರೆ.

ಆಗಸ್ಟ್ 21, ಗುರುವಾರ

ನಿಂತಿರುವ ಕಂಬವನ್ನು ಕಣ್ಣಿಂದ ನೋಡದೆ ಮಾತಿಲ್ಲ ಎಂದು ಅತ್ತೆ ಹಟ ಹಿಡಿದಿದ್ದಳು. ಇವತ್ತು ಬಬಲೇಶ್ವರದ ಆಚೆ, ಕಾಖಂಡಕಿ ದಾರಿಯಲ್ಲಿರುವ ಒಂದು ಗಾಳಿಕಂಬಕ್ಕೆ ಕರೆದುಕೊಂಡು ಹೋದೆ. ಬಿಳಿ ಜೀಪು ಓಡಿಸುವವನು ಲಾಡಲೇಸಾಬ, ಬಾಯಿ ಸುಮ್ಮನಿರುವುದಿಲ್ಲ.

“ನಮ್ಮಣ್ಣ ಕುವೈತದಾಗ ಟ್ಯಾಂಕರ್ ಹೊಡೀತಾನ ಬೇ,” ಅಂದ.

“ಎಣ್ಣೀದೇನ?” ಅತ್ತೆ ಕೇಳಿದಳು.

“ನೀರಿಂದು. ಎಣ್ಣಿ ನಾಡಿಗಿ ಹೋಗಿ ನೀರ ಹಾಕ್ಕೋಂತ ಅಡ್ಡಾಡ್ತಾನ. ಇಲ್ಲೇ ಇದ್ರೂ ಅದ ಮಾಡ್ತಿದ್ದ.”

ಕಂಬದ ಕೆಳಗೆ ಅತ್ತೆ ತಲೆ ಎತ್ತಿ ನೋಡಿದ್ದು ಒಂದೇ ಸಲ. ಉಳಿದ ಹೊತ್ತೆಲ್ಲ ನೋಡಿದ್ದು ನೆಲ. ಕಂಬಕ್ಕೆ ಬರುವ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೆಜ್ಜೆ ಹಾಕಿ ಅಳೆದಳು. ಹದಿನಾಲ್ಕು ಹೆಜ್ಜೆ. ಮತ್ತೊಮ್ಮೆ ಅಳೆದಳು. ಚಪ್ಪಲಿ ಕಳೆದು ರಸ್ತೆಗೆ ಹಾಸಿದ ಮುರುಮಿನ ಮೇಲೆ ಹಿಮ್ಮಡಿ ಒತ್ತಿ ನೋಡಿದಳು.

“ನಾಕ ಮಂದಿ ಹೊತ್ತು ನಡದ್ರ ಬಾಜೂಕ ಹೆಗಲ ಬದಲಸಾವ್ರಿಗೂ ಜಾಗಾ ಐತಿ. ಹೆಣ್ಮಕ್ಕಳೂ ಜೋಡಿ ಬರಬಹುದು ಲೇ ಕುನ್ಯಾ.”

ನಮ್ಮ ಹೆಣ್ಣುಮಕ್ಕಳು ಮಸಣದವರೆಗೆ ಬರುವುದಿಲ್ಲ, ಅಪ್ಪನ ದಿನ ಬದುವಿಗೆ ಇಳಿದವಳು ಅತ್ತೆಯೊಬ್ಬಳೇ. ಬದುವಿನ ಮೇಲೆ ಅಷ್ಟು ಮಂದಿ ಹಿಡಿಸುವುದಿಲ್ಲ, ಅದಕ್ಕೆ. ನಾನು ಅದನ್ನು ಪದ್ಧತಿ ಎಂದುಕೊಂಡಿದ್ದೆ.

ಸೆಪ್ಟೆಂಬರ್ 2, ಮಂಗಳವಾರ

ಅತ್ತೆ ಗೆದ್ದಳು. ಇದನ್ನು ಹೇಳಲಿಕ್ಕೇ ಎದ್ದು ಕುಳಿತಿದ್ದೇನೆ.

ನೀಲಿ ಜೀಪಿನ ಏಜೆಂಟ ಸಿದ್ದಲಿಂಗೇಶ ಕಳೆದ ವಾರ ದಾರಿಯ ಮಾತನ್ನು ಬರೆದುಕೊಡುತ್ತೇನೆಂದ. ಅತ್ತೆ ಅದನ್ನು ಊರಿಗೆಲ್ಲ ಸಾರಿದಳು. ಬಿಳಿ ಜೀಪಿನವರ ಕಿವಿಗೆ ಬೀಳಲಿ ಎಂದೇ. ಕಂಪನಿಯ ವಿಜಯಪುರ ಕಚೇರಿಯ ಮ್ಯಾನೇಜರ್ ಸತೀಶಕುಮಾರ ಎರಡು ದಿನ ಯಾರ್ಯಾರಿಗೋ ಫೋನು ಮಾಡಿ, ಇವತ್ತು ಕರಡು ತರಿಸಿದರು. ಒಂಬತ್ತನೇ ಪುಟದ ಕಲಮನ್ನು ನಾನೇ ಕನ್ನಡಕ್ಕೆ ಇಳಿಸಿದೆ: ‘ಕೇರಿಯ ಜನರು ತಮ್ಮ ಶವಗಳನ್ನು ಒಯ್ಯಲು ಈ ರಸ್ತೆಯಲ್ಲಿ ಸದಾಕಾಲ, ಯಾರ ಅನುಮತಿಯೂ ಬೇಡದೆ ಹೋಗಿಬರಬಹುದು.’

ಫೋನಿನಲ್ಲಿ ಅತ್ತೆಗೆ ಓದಿದೆ. ಮೂರು ಸಲ ಓದಿಸಿಕೊಂಡಳು.

“ಈಗ ಅವರ ಏನ ಕೊಡ್ತಾರ ನೋಡೂಣು,” ಅಂದಳು. ಅವರೆಂದರೆ ನೀಲಿ ಜೀಪಿನವರು. “ನಿನ್ನ ಶೇಖ ಎಷ್ಟ ದಿನಾ ಕುಂತಿದ್ದ?”

“ವರ್ಷಗಟ್ಟಲೆ.”

“ನಾ ಒಂದು ತಿಂಗಳಾರ ಕುಂದ್ರತೀನಿ.”

ಇವತ್ತು ಬಹಳ ದಿನದ ಮೇಲೆ ಐದು ಪುಟ ಒಮ್ಮೆಗೇ ಬರೆದೆ. ಶೇಖನ ಮೇಲೆ ಪ್ರೀತಿ ಬಂದಿದೆ. ಇಷ್ಟು ದೊಡ್ಡ ಎರಡು ಸರಕಾರಗಳನ್ನು ಹೊಸ್ತಿಲಲ್ಲಿ ಕಾಯಿಸಿದ ಮನುಷ್ಯ.

ಸೆಪ್ಟೆಂಬರ್ 12, ಶುಕ್ರವಾರ

ಸತೀಶಕುಮಾರ ಒಳಗೆ ಕರೆದರು.

“ಬಾಗಿಲಾ ಹಾಕ್ರಿ ಕುನಾಲ. ಕುಂದರ್ರಿ.”

ಕುಳಿತೆ.

“ಇನ್ನ ಮ್ಯಾಲೆ ನೀಲಿ ಜೀಪಿನವರು ನಮ್ಮವರ.”

“ಅಂದ್ರ, ಸರ್?”

“ಮುಂಬೈದಾಗ ಮಾತಾತು. ಅರ್ಧಾ ಅವರು, ಅರ್ಧಾ ನಾವು. ಹೊಸಾ ಕಂಪನಿ. ಆದ್ರ ದಿಬ್ಬದ ಮಂದಿದು ಸಹಿ ಆಗೂ ತನಕಾ ಎರಡೂ ಜೀಪು ಮೊದಲಿನಂಗ ಅಡ್ಡಾಡ್ತಾವ. ಸಿದ್ದಲಿಂಗೇಶ ನಾಳೆ ನಿಮ್ಮ ಅತ್ತಿ ಕಡೆ ಹೋಗಿ, ನಮ್ಮಿಂದ ಇಷ್ಟ ಆಗತದ, ಮುಂದ ಆಗೂದಿಲ್ಲಂತಾನ. ಅಲ್ಲಿಗಿ ನಮ್ಮದ ಚೊಲೊ ಅಂತ ಅನಸ್ತದ ಅವರಿಗಿ.”

ಮೇಜಿನ ಮೇಲೆ ಹೊಸ ಕರಡು ಇಟ್ಟರು. ಒಂಬತ್ತನೇ ಪುಟ ತೆಗೆದೆ. ‘ಯಾರ ಅನುಮತಿಯೂ ಬೇಡದೆ’ ಇದ್ದಲ್ಲಿ ‘ಕಂಪನಿಯ ಪೂರ್ವಾನುಮತಿ ಪಡೆದು’ ಎಂದು ಬಂದಿದೆ.

“ಸರ್, ಇದನ್ನ ನಾವು ಆಕೀಗಿ ಓದಿ ಹೇಳೀವಿ. ಆಗ ಹಿಂಗಿರಲಿಲ್ಲ.”

“ಆಗ ಅವರು ಬ್ಯಾರೆ, ನಾವು ಬ್ಯಾರೆ ಇದ್ದಿವಿ. ಗುರಲಿಂಗಪ್ಪನವರದೂ ಹಟಾ ಅದ. ಅವರ ಹೊಲಾ ಹಾದು ಹೋಗೂ ರಸ್ತೆ. ಒಂದು ಮಾತ ಸೇರಸ್ಯಾರ, ಅಷ್ಟ.” ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. “ಈ ಮಾತು ಹೊರಗ ಹೋದ್ರ ನಿಮ್ಮ ಅಂಕಪಟ್ಟಿ ಹೊರಗ ಬರೂದಿಲ್ಲ. ನಾ ಹೇಳಾಕತ್ತಿಲ್ಲ, ಕೆಲಸಕ್ಕ ಸೇರೂ ಮುಂದ ನೀವು ಸಹಿ ಮಾಡಿದ ಕಾಗದಾ ಹೇಳಾಕತ್ತದ. ಇದು ಮುಗೀಲಿ. ಸೈಟ್ ಆಫೀಸರ್ ಅಂತ ಪರ್ಮನಂಟ್ ಮಾಡಸ್ತೀನಿ.”

ಕೋಣೆಗೆ ಬಂದು ಪಾಠದ ಟಿಪ್ಪಣಿ ತೆಗೆದೆ. 1933ರ ಡಿಸೆಂಬರ್. ಇಂಗ್ಲಿಷ್ ಕಂಪನಿಯೂ ಅಮೆರಿಕದ ಕಂಪನಿಯೂ ಒಂದಾದವು, ಅರ್ಧಕ್ಕೆ ಅರ್ಧ. ಇನ್ನು ತಮ್ಮಲ್ಲಿ ಪೈಪೋಟಿ ಇಲ್ಲವೆಂದು ಒಬ್ಬರಿಗೊಬ್ಬರು ಬರೆದುಕೊಟ್ಟರು. ಆಮೇಲೆ ಶೇಖನ ಎದುರು ಕುಳಿತದ್ದು ಎರಡು ಕಂಪನಿ ಅಲ್ಲ, ಒಂದು. ಒಂದು ವರ್ಷದ ಮೇಲೆ ರುಜು ಹಾಕಿದ, ಎಪ್ಪತ್ತೈದು ವರ್ಷಕ್ಕೆ.

ಇದನ್ನು ಬೇಸಿಗೆಯಲ್ಲೇ ಓದಿ ಟಿಪ್ಪಣಿ ಮಾಡಿದ್ದೆ. ತಾರೀಖಿನ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಅತ್ತೆಗೆ ಹೇಳಬೇಕು. ನಾಳೆಯೇ.

ಸೆಪ್ಟೆಂಬರ್ 13

ಹೋಗಲಿಲ್ಲ. ಸಿದ್ದಲಿಂಗೇಶ ಹೋಗಿದ್ದನಂತೆ.

ಸೆಪ್ಟೆಂಬರ್ 15

ಬಸ್ ನಿಲ್ದಾಣದವರೆಗೆ ಹೋದೆ. ತಿಕೋಟಾದ ಬಸ್ಸು ನಿಂತಿತ್ತು. ಹೈದರಾಬಾದಿನದೂ ನಿಂತಿತ್ತು. ಎರಡನ್ನೂ ಬಿಟ್ಟು ಚಹಾ ಕುಡಿದು ಬಂದೆ. ಅಂಕಪಟ್ಟಿ ಇಲ್ಲದೆ ಹೈದರಾಬಾದಿನಲ್ಲಿ ಏನು ಮಾಡಲಿ. ಮತ್ತೆ ಗೋದಾಮು. ಮತ್ತೆ ಪೆಟ್ಟಿಗೆಗಳಿಗೆ ಟೇಪು.

ಸೆಪ್ಟೆಂಬರ್ 18, ಗುರುವಾರ

ಹೇಳಲೆಂದೇ ಹೋದೆ. ಒಳಗೆ ಕಾಲಿಟ್ಟಾಗ ಅತ್ತೆ ಬುದ್ಧನ ಪಟದ ಮುಂದೆ ದೀಪದ ಬತ್ತಿ ಸರಿ ಮಾಡುತ್ತಿದ್ದಳು.

“ನೀಲಿ ಜೀಪಿನಾವ ಕೈ ಎತ್ತಿ ಹೋಗ್ಯಾನ,” ಅಂದಳು. “ನಿಮ್ಮದ ಚೊಲೊ ಐತಿ ಅನಸತೈತಿ. ನಿನ್ನ ಶೇಖ ಏನ ಮಾಡಿದಾ? ಆವತ್ತ ಅರ್ಧಾ ಹೇಳಿ ಎದ್ದ ಹೋದಿ.”

ನೀರು ಕೇಳಿ ಕುಡಿದೆ. ಕಂಪನಿಯ ವಿಷಯ ಹೇಳಬಾರದೆಂದು ಸಹಿ ಮಾಡಿದ್ದೇನೆ, ನಿಜ. ಶೇಖನ ವಿಷಯ ಹೇಳಬಾರದೆಂದು ಎಲ್ಲೂ ಸಹಿ ಮಾಡಿಲ್ಲ. ಅವನ ಕಥೆ ಪೂರ್ತಿ ಹೇಳಿದರೆ ಸಾಕು, ಅತ್ತೆಗೆ ಉಳಿದದ್ದು ತಾನೇ ತಿಳಿಯುತ್ತದೆ. ಬಸ್ಸಿನಲ್ಲಿ ಬರುವಾಗ ಹಾಗೆಂದೇ ಲೆಕ್ಕ ಹಾಕಿದ್ದೆ.

“ಶೇಖ ರುಜು ಮಾಡಿದ,” ಅಂದೆ. “ಆಗ ಅಲ್ಲಿ ನಮ್ಮ ರೂಪಾಯಿನ ನಡೀತಿತ್ತು. ರೂಪಾಯಿ ಬಂತು. ನಾಕ ವರ್ಷಕ್ಕ ಎಣ್ಣಿ ಸಿಕ್ಕಿತು. ಈಗ ನೋಡು, ಲಾಡಲೇಸಾಬನ ಅಣ್ಣ ಅಲ್ಲಿ ದುಡ್ಯಾಕ ಹೋಗ್ಯಾನ.”

“ಯಾರಿಗಿ ಕೊಟ್ಟಾ?”

“ಇಬ್ಬರಿಗೂ ಕೊಟ್ಟ.”

ಅತ್ತೆ ನಕ್ಕಳು. ಇಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿ ವರ್ಷಗಳಾಗಿವೆ. “ಇಬ್ಬರನ್ನೂ ದುಡಿಸಿದನಲ್ಲೋ ಯಪ್ಪಾ. ನನಗ ಹಂಗ ಮಾಡಾಕ ಬರಲಿಲ್ಲ. ಇರಲಿ. ನನಗೇನ ಎಣ್ಣಿ ಬೇಕಾಗಿಲ್ಲ, ದಾರಿ ಬೇಕು.”

ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಇಬ್ಬರಿಗೂ ಕೊಟ್ಟದ್ದು ನಿಜ. ಯಾವ ಪುಸ್ತಕ ತೆಗೆದು ನೋಡಿದರೂ ಹಾಗೇ ಇದೆ.

ಕಡಬು ಕಟ್ಟಿಕೊಟ್ಟಿದ್ದಾಳೆ. ಇನ್ನೂ ತಿಂದಿಲ್ಲ.

ಸೆಪ್ಟೆಂಬರ್ 24, ಬುಧವಾರ

ಆಯಿತು. ವಿಜಯಪುರದಲ್ಲಿ ನೋಂದಣಿ.

ಕಚೇರಿಯ ಹೊರಗೆ ಬಾಂಡ್ ಬರೆಯುವವರ ತಗಡಿನ ಶೆಡ್ಡಿನಲ್ಲಿ ಓದುವ ಕೆಲಸ. ಹೆಬ್ಬೆಟ್ಟು ಒತ್ತುವವರಿದ್ದರೆ, ಕಾಗದವನ್ನು ಅವರ ಭಾಷೆಯಲ್ಲಿ ಓದಿ ಹೇಳಿದವನೂ ಕೆಳಗೆ ಸಹಿ ಮಾಡಬೇಕು. ಬರೆಯುವ ಮುದುಕ ತಾನೇ ಓದುತ್ತೇನೆಂದು ಕನ್ನಡಕ ಹಾಕಿಕೊಂಡ. ಅತ್ತೆ ಕಾಗದವನ್ನು ಅವನ ಕೈಯಿಂದ ತೆಗೆದು ನನಗೆ ಕೊಟ್ಟಳು.

“ನನ್ನ ತಮ್ಮನ ಮಗ ಎಂಎ ಓದ್ಯಾನ. ಆವ ಓದಲಿ.”

ಹೊರಗೆ ಸಿದ್ದಲಿಂಗೇಶನೂ ಸತೀಶಕುಮಾರ ಸರ್ ಕೂಡ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು.

“ಆ ನೀಲಿ ಜೀಪಿನ ಹುಡುಗ ಇಲ್ಲ್ಯಾಕ ಬಂದಾನ?” ಅತ್ತೆ ಕೇಳಿದಳು.

“ಅವರದೇನರೆ ಬ್ಯಾರೆ ಕೆಲಸ ಇರಬೇಕು.”

ಓದಿದೆ. ಸರ್ವೆ ನಂಬರು, ಚಕ್ಕುಬಂದಿ, ಮೂವತ್ತು ವರ್ಷ. ಅತ್ತೆ ಕಣ್ಣು ಮುಚ್ಚಿ ಕೇಳಿದಳು, ಪ್ರತಿ ಪುಟದ ಕೊನೆಗೆ ಹೂಂ ಎಂದಳು. ಒಂಬತ್ತನೇ ಪುಟ ಬಂತು. ಸರ್ ಬಂದು ನನ್ನ ಹಿಂದೆ ನಿಂತದ್ದು ಗೊತ್ತಾಯಿತು.

‘ಕೇರಿಯ ಜನರು ತಮ್ಮ ಶವಗಳನ್ನು ಒಯ್ಯಲು ಈ ರಸ್ತೆಯಲ್ಲಿ ಸದಾಕಾಲ, ಕಂಪನಿಗೆ ತಿಳಿಸಿ, ಹೋಗಿಬರಬಹುದು.’

ನನ್ನ ಬಾಯಿಂದ ಹಾಗೆ ಬಂತು. ಮೊದಲೇ ಯೋಚಿಸಿದ್ದಲ್ಲ.

ಅತ್ತೆ ಕಣ್ಣು ತೆರೆದಳು. “ತಿಳಿಸಿ ಅನ್ನೂದು ಮೊದಲ ಇರಲಿಲ್ಲಲ್ಲ?”

“ಹೊಸದಾಗಿ ಹಾಕ್ಯಾರ.”

ನನ್ನ ಮುಖ ನೋಡಿದಳು. “ತಿಳಸೂದೇನ, ತಿಳಸೂಣು. ಯಾರರೆ ಸತ್ರ ಊರಿಗೆಲ್ಲಾ ತಿಳಸ್ತೀವಿ. ಅವರಿಗೂ ಒಂದ ಮಾತ ಹೇಳೂದು.” ಎಡಗೈ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು.

ಕೆಳಗೆ ನನ್ನ ಹೆಸರು, ತಂದೆಯ ಹೆಸರು, ‘ಕನ್ನಡದಲ್ಲಿ ಓದಿ ಹೇಳಿದ್ದೇನೆ, ಅವರು ಅರ್ಥ ಮಾಡಿಕೊಂಡಿರುತ್ತಾರೆ.’ ಸಹಿ ಮಾಡಿದೆ. ಅತ್ತೆ ಹೆಬ್ಬೆರಳಿನ ಶಾಯಿಯನ್ನು ಗೋಡೆಗೆ ಒರೆಸದೆ ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದಳು. ಕೇರಿಯವರಿಗೆ ತೋರಿಸಬೇಕಂತೆ.

ಅನುಮತಿ ಎಂದರೂ ಕೊನೆಗೆ ತಿಳಿಸುವುದೇ ತಾನೆ. ತಿಳಿಸಿದರೆ ಯಾರು ಬೇಡ ಅನ್ನುತ್ತಾರೆ.

ಅಕ್ಟೋಬರ್ 15, ಬುಧವಾರ

ಬಹಳ ದಿನದ ಮೇಲೆ ಹೇಳುತ್ತಿದ್ದೇನೆ. ಕೆಲಸ ಹೆಚ್ಚಿದೆ, ನಿದ್ದೆ ಬರುತ್ತಿದೆ. ಈ ತಿಂಗಳಿಂದ ನಾನು ಸೈಟ್ ಆಫೀಸರ್. ಆರು ತಿಂಗಳು ಪರೀಕ್ಷಾವಧಿ, ಅದು ಮುಗಿದರೆ ಅಂಕಪಟ್ಟಿ ವಾಪಸ್. ದಿಬ್ಬದ ಬುಡದಲ್ಲಿ ಕಂಟೇನರಿನ ಆಫೀಸು ಹಾಕಿಕೊಂಡಿದ್ದೇವೆ. ಒಳಗೆ ಏಸಿ. ಕಿಟಕಿಯಿಂದ ರಸ್ತೆ ಪೂರ್ತಿ ಕಾಣುತ್ತದೆ. ಎರಡೂ ಜೀಪಿಗೆ ಒಂದೇ ಬಣ್ಣ ಹೊಡೆಸಿದ್ದಾರೆ. ಊರವರು ಎರಡು ದಿನ ಅದನ್ನೇ ಮಾತಾಡಿ ಬಿಟ್ಟರು. ಅತ್ತೆ ಏನೂ ಕೇಳಲಿಲ್ಲ.

ರಸ್ತೆ ಚೆನ್ನಾಗಿ ಬಂದಿದೆ. ಸಾಮಾನು ಕಳುವಾಗಬಾರದೆಂದು ಬುಡದಲ್ಲಿ ಗೇಟು ಕೂರಿಸಿದ್ದೇವೆ, ಮೇಲೆ ಕ್ಯಾಮೆರಾ.

ಪಾಠ ಮುಗಿಸಿ ಕಳಿಸಿದ್ದೆ. ಇವತ್ತು ಸುಮಂಗಲಾ ಮೇಡಂ ಫೋನು ಮಾಡಿದರು.

“ಕುನಾಲ, ನಿನ್ನ ಮೊದಲನೇ ಕರಡಿನ್ಯಾಗ ಒಬ್ಬ ಶೇಖ ಇದ್ದ. ಇದರಾಗ ಎಲ್ಲಿ ಹೋದ?”

“ಅದಾನಲ್ಲ ಮೇಡಂ, ಹದಿನಾರನೇ ಪುಟದಾಗ.”

“ಹೆಸರದ. ಮನುಷ್ಯ ಇಲ್ಲ. ‘ಉಭಯ ಪಕ್ಷಗಳಿಗೂ ಸಮ್ಮತವಾದ ವ್ಯವಸ್ಥೆ ಏರ್ಪಟ್ಟಿತು’ ಅಂತ ಬರದೀದಿ. ಇದನ್ನ ಶೇಖ ಬರದನೋ, ಕಂಪನಿ ಬರೀತೋ?”

ಪುಟದ ಮಿತಿ ಇತ್ತು ಎಂದೆ. ಮೇಡಂ ತಾವೇ ತಿದ್ದುತ್ತಾರಂತೆ. ತಿದ್ದಲಿ. ಅವರು ಯಾವತ್ತೂ ಒಂದು ಕರಾರುಪತ್ರವನ್ನು ಕೈಯಲ್ಲಿ ಹಿಡಿದು ಜನರ ಎದುರು ಕುಳಿತವರಲ್ಲ.

ನವೆಂಬರ್ 27, ಗುರುವಾರ

ಇವತ್ತಿನದನ್ನು ಸರಿಯಾಗಿ ದಾಖಲಿಸಬೇಕು.

ಬೆಳಿಗ್ಗೆ ಕೇರಿಯ ಸೀತವ್ವ ತೀರಿಕೊಂಡರು, ಎಂಬತ್ತರ ಮೇಲಾಗಿತ್ತು. ಚಿಕ್ಕವನಿದ್ದಾಗ ಅವರ ಮನೆಯಲ್ಲಿ ಉಂಡಿದ್ದೇನೆ. ಹನ್ನೊಂದೂವರೆಗೆ ಕೇರಿಯವರು ಚಟ್ಟ ಹೊತ್ತು ಗೇಟಿಗೆ ಬಂದರು, ಸುಮಾರು ಎಪ್ಪತ್ತು ಮಂದಿ. ಹೆಣ್ಣುಮಕ್ಕಳೂ ಇದ್ದರು. ಮುಂದೆ ಮಾಳವ್ವ ಅತ್ತೆ. ನಾನು ಹೊರಗೆ ಬಂದೆ.

“ಗೇಟ್ ತಗಿ,” ಅಂದಳು.

“ಅತ್ತಿ, ಅನುಮತಿ ಬರಬೇಕು. ಮೇಲ್ ಹಾಕೀನಿ. ಮುಂಬೈಯಿಂದ ಬರತೈತಿ.”

“ನಾ ನಿನ್ನ ಕೇಳಾಕ ಬಂದಿಲ್ಲ ಕುನಾಲ. ತಿಳಸಾಕ ಬಂದೀನಿ.”

ಯಾವಾಗಲೂ ಕುನ್ಯಾ ಎನ್ನುವವಳು. ನಾನು ಕರಾರಿನ ಪ್ರತಿ ತಂದು ಒಂಬತ್ತನೇ ಪುಟ ತೆಗೆದು, ಅಲ್ಲಿ ಏನಿದೆಯೋ ಅದನ್ನೇ ಓದಿದೆ. ‘ಕಂಪನಿಯ ಪೂರ್ವಾನುಮತಿ ಪಡೆದು.’ ಅತ್ತೆ ಕೇಳಿದಳು. ಈ ಸಲ ಕಣ್ಣು ಮುಚ್ಚಲಿಲ್ಲ, ಹೂಂ ಎನ್ನಲಿಲ್ಲ.

ಕೀಲಿ ನನ್ನ ಹತ್ತಿರವೇ ಇತ್ತು. ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಮೇಲೆ ಕ್ಯಾಮೆರಾ ಇದೆ, ಪರೀಕ್ಷಾವಧಿ ಮಾರ್ಚಿನವರೆಗೆ. ಇದನ್ನೂ ಹೇಳಿದೆ. ಲಾಡಲೇಸಾಬ ಜೀಪಿನಿಂದ ಇಳಿದು ಬಂದು, “ತಗದ ಬಿಡ್ರಿ ಸಾಹೇಬ್ರ, ನಾ ನೋಡ್ಕೋತೀನಿ ಕ್ಯಾಮೆರಾ,” ಅಂದ. ಚಾಲಕರು ಇಂಥದರಲ್ಲಿ ಬಾಯಿ ಹಾಕಬಾರದೆಂದು ಸೂಚಿಸಿದೆ.

ನಲವತ್ತು ನಿಮಿಷ ಕಾದರು. ಹೆಗಲು ಬದಲಿಸುತ್ತ ನಿಂತಿದ್ದರು, ಚಟ್ಟ ಕೆಳಗೆ ಇಳಿಸಲಿಲ್ಲ. ನಾನು ಕುಡಿಯುವ ನೀರಿನ ಕ್ಯಾನು ಹೊರಗಿಡಿಸಿದೆ. ಯಾರೂ ಮುಟ್ಟಲಿಲ್ಲ.

ಆಮೇಲೆ ಅತ್ತೆ ತಿರುಗಿ, “ನಡೀರಿ,” ಅಂದಳು. ಗುರಲಿಂಗಪ್ಪನವರ ಹೊಲದ ಬದುವಿಗೆ ಇಳಿದರು. ಜೋಳ ಆಳೆತ್ತರ ಬಂದಿದೆ. ಅವರ ಮನೆಯವರು ಕೂಗುವುದು ಆಫೀಸಿನವರೆಗೆ ಕೇಳಿಸುತ್ತಿತ್ತು. ಹೆಣ್ಣುಮಕ್ಕಳಿಗೆ ಬದುವಿನ ಮೇಲೆ ಜಾಗ ಸಾಲಲಿಲ್ಲ, ಅವರು ಹಿಂದಿರುಗಿದರು. ಅತ್ತೆ ಮಾತ್ರ ಹೋದಳು. ಒಂದು ಕಾಲಿಟ್ಟು, ಇನ್ನೊಂದಕ್ಕೆ ಜಾಗ ಹುಡುಕಿ, ಚಟ್ಟದ ಅಂಚು ಹಿಡಿದುಕೊಂಡು. ಜೋಳದ ತೆನೆಗಳ ಮೇಲೆ ಚಟ್ಟದ ಹೂವಷ್ಟೇ ಕಾಣುತ್ತಿತ್ತು. ಕಿಟಕಿಯಿಂದ ಪೂರ್ತಿ ಕಾಣುತ್ತದೆ ಎಂದೆನಲ್ಲ.

ಸಂಜೆ ನಾಲ್ಕು ಹತ್ತಕ್ಕೆ ಅನುಮತಿ ಬಂತು. ‘ಮಾನವೀಯ ನೆಲೆಯಲ್ಲಿ, ಒಂದು ತಾಸಿನ ಮಟ್ಟಿಗೆ.’ ಅದೇ ದಿನ ಬಂತು ಎಂಬುದು ಸಣ್ಣ ಮಾತಲ್ಲ, ಇಷ್ಟು ಬೇಗ ಬೇರೆ ಯಾವ ಕಂಪನಿಯೂ ಕೊಡುವುದಿಲ್ಲ. ಪ್ರಿಂಟು ತೆಗೆದು ಕಡತಕ್ಕೆ ಹಾಕಿದ್ದೇನೆ, ಇನ್ನು ಮುಂದೆ ಇದನ್ನೇ ತೋರಿಸಿ ಕೇಳಬಹುದು. ಒಂದು ನಮೂನೆಯನ್ನೂ ತಯಾರಿಸುತ್ತಿದ್ದೇನೆ: ಮೃತರ ಹೆಸರು, ವಯಸ್ಸು, ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತಿಗೆ. ಒಂದು ದಿನ ಮೊದಲೇ ತುಂಬಿ ಕೊಟ್ಟರೆ ಯಾರೂ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ. ನಾಳೆ ಹೋಗಿ ಅತ್ತೆಗೆ ಓದಿ ಹೇಳಬೇಕು.